ನೇರಳೆ ಮುಚ್ಚಳ

ವನದುರ್ಗದ ಆ ಅವ್ವನನ್ನು ನಾನು ಬಯ್ದದ್ದು ಬಾಗಿಲು ಹಾಕಿದ ಕೋಣೆಯಲ್ಲಲ್ಲ. ಶಹಾಪುರದ ಸಂತೆಯ ದಿನ, ಬೆಂಚು ತುಂಬಿ ಇನ್ನಷ್ಟು ಮಂದಿ ಗೋಡೆಗೆ ಒರಗಿ ನಿಂತಿದ್ದಾಗ, ಎಲ್ಲರಿಗೂ ಕೇಳುವ ಹಾಗೆ ಬಯ್ದೆ. ಹಾಗಾಗಿ ಇದನ್ನೂ ಮರೆಮಾಚಿ ಬರೆಯುವಂತಿಲ್ಲ.

ನಾನು ಹಲ್ಲಿನ ಡಾಕ್ಟರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ದವಾಖಾನೆ. ಎರಡು ಕೋಣೆ, ಒಂದು ಕುರ್ಚಿ, ಬಳಿಚಕ್ರದಿಂದ ದಿನಾ ಬಸ್ಸಿಗೆ ಬರುವ ಒಬ್ಬ ಸಿಸ್ಟರ್. ಆ ಅವ್ವ ಬರುವುದಕ್ಕೆ ಕೆಲವು ತಿಂಗಳ ಮೊದಲು ಕಲಬುರಗಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ರಕ್ತ ತಿರುಗಿಸುವ ಯಂತ್ರವೊಂದನ್ನು ತಂದಿದ್ದೆ. ರೋಗಿಯದೇ ರಕ್ತದಿಂದ ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ತೆಗೆದು, ಹಲ್ಲು ಕಿತ್ತ ಗುಳಿಗೆ ತುಂಬಿ ಹೊಲಿಗೆ ಹಾಕಿದರೆ ಗಾಯ ಬೇಗ ಮಾಯಲು ಅನುಕೂಲ. 'ನಿಮ್ಮದೇ ರಕ್ತ, ನಿಮ್ಮ ಗಾಯಕ್ಕೆ ಮದ್ದು' ಎಂದು ಹೊರಗೆ ಬೋರ್ಡು ಬರೆಸಿದ್ದೆ. ಊರಲ್ಲಿ ಮತ್ತೊಬ್ಬರ ಬಳಿ ಅಂಥ ಯಂತ್ರ ಇರಲಿಲ್ಲ. ಆ ಬೋರ್ಡನ್ನು ದಿನಕ್ಕೊಮ್ಮೆ ರಸ್ತೆಯ ಆಚೆ ನಿಂತು ನೋಡುತ್ತಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಅವ್ವನಿಗೆ ಐವತ್ತು ದಾಟಿತ್ತು. ಕೆಳದವಡೆಯ ಎಡಗಡೆ ಕಟ್ಟಕಡೆಯ ಹಲ್ಲು ಎಲುಬಿನೊಳಗೆ ಅಡ್ಡ ಮಲಗಿ, ಪಕ್ಕದ ಹಲ್ಲನ್ನೂ ಕೊಳೆಸಿತ್ತು. ಮಗ ಜೊತೆಗೆ ಬಂದಿದ್ದ. ರಕ್ತ ಪರೀಕ್ಷೆ ಮಾಡಿಸಿದೆ, ಸಕ್ಕರೆ ಇರಲಿಲ್ಲ, ಬಿಪಿ ಸರಿಯಿತ್ತು. ಆದರೆ ಆ ವಯಸ್ಸಿಗೆ ಎಲುಬು ಗಡುಸು, ಮಾಯುವುದು ತಡ. ಪ್ಲಾಸ್ಮಾ ಹಾಕುವುದು ಒಳ್ಳೆಯದೆಂದು ವಿವರಿಸಿದೆ.

"ನನ್ನ ರಕ್ತ ತಗದು ಮತ್ತ ನನಗ ಹಾಕ್ತೀರಿ?" ಅಂದಳು ಅವ್ವ. "ಹಂಗಾದ್ರ ತಗ್ಯೋದ್ಯಾಕ್ರಿ ಸಾಹೇಬ್ರ, ಅಲ್ಲೇ ಇರ್ಲಿ ಬಿಡ್ರಿ."

ಮಗ ನಕ್ಕ, ಸಿಸ್ಟರೂ ನಕ್ಕಳು. ನಾನು ಅವಳ ಕಪ್ಪಿಟ್ಟ ವಸಡು, ಕಲೆಗಟ್ಟಿದ ಹಲ್ಲು ನೋಡುತ್ತ, "ಹದಿನೈದು ದಿನ ತಂಬಾಕ ಮುಟ್ಟಂಗಿಲ್ಲ ನೋಡವ್ವ" ಅಂದೆ.

"ಬಿಟ್ಟು ಐದ ತಿಂಗಳಾತ್ರಿ" ಅಂದಳು.

ನನ್ನ ಕುರ್ಚಿಯಲ್ಲಿ ಕೂತವರೆಲ್ಲ ಹಾಗೇ ಹೇಳುತ್ತಾರೆ. ನಾನು ತಲೆಯಾಡಿಸಿ, ಮನಸ್ಸಿನಲ್ಲೇ ಇದು ಸುಳ್ಳೆಂದು ಬರೆದುಕೊಂಡೆ.

ಆಪರೇಷನ್ ದಿನ ಸಿಸ್ಟರ್ ರಕ್ತ ತೆಗೆಯಲು ಕೊಳವೆ ಜೋಡಿಸಿದಳು. ಈ ಕೆಲಸಕ್ಕೆ ನೀಲಿ ಮುಚ್ಚಳದ ಕೊಳವೆ ಬೇಕು. ಅದರೊಳಗಿನ ಔಷಧ ರಕ್ತವನ್ನು ಸ್ವಲ್ಪ ಹೊತ್ತು ಹೆಪ್ಪುಗಟ್ಟದಂತೆ ಹಿಡಿಯುತ್ತದೆ, ನಮಗೆ ಬೇಕಾದಾಗ ಬಿಟ್ಟುಕೊಡುತ್ತದೆ. ನೀಲಿಯವು ಮುಗಿದಿದ್ದವು. ಕಲಬುರಗಿಯಿಂದ ಬರಬೇಕಾದ ಡಬ್ಬಿ ಇನ್ನೂ ಬಂದಿರಲಿಲ್ಲ. ಪಕ್ಕದ ಲ್ಯಾಬಿನಿಂದ ನೇರಳೆ ಮುಚ್ಚಳದವು ತಂದಿಟ್ಟಿದ್ದೆವು. ಅವು ರಕ್ತದ ಕಣ ಎಣಿಸಲು ಇರುವಂಥವು. ಅವುಗಳ ಔಷಧ ರಕ್ತವನ್ನು ಹಿಡಿದರೆ ಹಿಡಿದದ್ದೇ, ಸುಲಭಕ್ಕೆ ಬಿಡುವುದಿಲ್ಲ.

"ಸರ್, ಇವು ನೇರಳೆದು ಅವ" ಅಂದಳು ಸಿಸ್ಟರ್.

"ಅದೂ ಹೆಪ್ಪ ಕಟ್ಟಗೊಡಂಗಿಲ್ಲ, ಇದೂ ಕಟ್ಟಗೊಡಂಗಿಲ್ಲ. ನಡೀತದ" ಅಂದೆ.

ಡಬ್ಬಿ ಬರುವ ತನಕ ತಡೆದು ಮಾಡಬಹುದಿತ್ತು. ಪ್ಲಾಸ್ಮಾ ಇಲ್ಲದೆಯೂ ಮಾಡಬಹುದಿತ್ತು, ನನ್ನ ಹಿಂದಿನವರೆಲ್ಲ ಹಾಗೇ ಮಾಡಿದ್ದಾರೆ. ಆದರೆ ಬೋರ್ಡು ಬರೆಸಿದವನು ನಾನು. ಬಂದವರಿಗೆ 'ಇವತ್ತು ಇಲ್ಲ' ಅನ್ನಲು ನಾಲಿಗೆ ಏಳಲಿಲ್ಲ.

ರಕ್ತ ಯಂತ್ರಕ್ಕೆ ಹೋಯಿತು. ಮೊದಲ ಸುತ್ತು ನಿಧಾನ. ಕೆಂಪು ಕಣ ತಳಕ್ಕಿಳಿದು ಹಳದಿ ನೀರು ಮೇಲೆ ನಿಂತಿತು. ಅದನ್ನು ಹೀರಿ ಬೇರೆ ಕೊಳವೆಗೆ ಹಾಕಿ ಎರಡನೇ ಸುತ್ತು ಜೋರಾಗಿ ಬಿಟ್ಟೆ. ಆ ಹೊತ್ತಿಗೆ ಒಳಗೆ ವಸಡು ಬಿಡಿಸಿ, ಎಲುಬು ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದೆ. ಅದು ಚೆನ್ನಾಗಿಯೇ ಆಯಿತು. ಅವ್ವ ಒಮ್ಮೆಯೂ ಕೈ ಅಡ್ಡ ತರಲಿಲ್ಲ.

ಆಮೇಲೆ ತಳದಲ್ಲಿ ಉಳಿದ ಪ್ಲಾಸ್ಮಾವನ್ನು ಬಟ್ಟಲಿಗೆ ಹಾಕಿ ಕ್ಯಾಲ್ಸಿಯಂ ಹನಿ ಬಿಟ್ಟೆ. ಕೆಲವು ನಿಮಿಷದಲ್ಲಿ ಅದು ಮೊಸರಿನಂತೆ ಗಟ್ಟಿಯಾಗಬೇಕು. ಆಗಲಿಲ್ಲ. ಇನ್ನೆರಡು ಹನಿ ಬಿಟ್ಟೆ. ಬಟ್ಟಲು ವಾಲಿಸಿದರೆ ನೀರು ನೀರಾಗಿಯೇ ಹರಿಯಿತು. ಇಪ್ಪತ್ತು ನಿಮಿಷ ಕಾದೆ. ಅವ್ವ ಬಾಯಲ್ಲಿ ಬಟ್ಟೆಯ ಉಂಡೆ ಕಚ್ಚಿ ಸೂರು ನೋಡುತ್ತಿದ್ದಳು. ಸಿಸ್ಟರ್ ನನ್ನ ಮುಖ ನೋಡುತ್ತಿದ್ದಳು. ನಾನು ಆ ನೀರನ್ನೇ ಕರಗುವ ಸ್ಪಂಜಿಗೆ ಹೀರಿಸಿ, ಗುಳಿಯೊಳಗೆ ತುರುಕಿ, ಹೊಲಿಗೆ ಹಾಕಿದೆ. ಸ್ಪಂಜು ಹೇಗೂ ರಕ್ತ ಹಿಡಿಯುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ರಕ್ತ ಹೆಪ್ಪುಗಟ್ಟಲೇಬೇಕಾದ ಜಾಗಕ್ಕೆ ಹೆಪ್ಪುಗಟ್ಟಗೊಡದ ದ್ರವವನ್ನೇ ಸುರಿದಿದ್ದೇನೆ ಎಂಬುದು ಯೋಚಿಸಿದ್ದರೆ ಹೊಳೆಯುತ್ತಿತ್ತು. ಯೋಚಿಸಲಿಲ್ಲ.

ನಾಲ್ಕನೇ ದಿನ ಸಂತೆ. ತಾಯಿ ಮಗ ಬಂದರು. ಅವ್ವನ ಮುಖ ಬಾಡಿತ್ತು. ನೋವು ಕಿವಿಯವರೆಗೆ ಏರಿ ರಾತ್ರಿ ಕಣ್ಣು ಮುಚ್ಚಗೊಟ್ಟಿರಲಿಲ್ಲ, ಬಾಯಿ ನಾರುತ್ತಿತ್ತು. ಕುರ್ಚಿಯಲ್ಲಿ ಮತ್ತೊಬ್ಬರಿದ್ದರು. ಹೊರಗಿನ ಬೆಂಚಿನ ತುದಿಯಲ್ಲೇ ಕೂರಿಸಿ, ಟಾರ್ಚು ಹಿಡಿದು ನೋಡಿದೆ. ಹೊಲಿಗೆ ಬಿಟ್ಟಿತ್ತು. ಗುಳಿಯಲ್ಲಿ ಹೆಪ್ಪಿಲ್ಲ, ಎಲುಬು ಬೋಳಾಗಿ ಕಾಣುತ್ತಿತ್ತು. ತಳದಲ್ಲಿ ಕಪ್ಪಗೆ ಏನೋ ಮೆತ್ತಿಕೊಂಡಿತ್ತು.

ತಪ್ಪಾದಾಗ ಮೊದಲು ಎದುರಿಗಿದ್ದವರ ಮುಖ ನೋಡುವುದು ನನಗಿರುವ ಹಳೆಯ ಚಟ. ಚಿಮುಟದಲ್ಲಿ ಆ ಕಪ್ಪು ಚೂರನ್ನು ಎತ್ತಿ ಬೆಳಕಿಗೆ ಹಿಡಿದೆ.

"ಏನವ್ವ ಇದು? ತಂಬಾಕ ಬಿಟ್ಟೀನಂದಿ. ಇದು ಎಲ್ಲಿಂದ ಬಂತು?"

"ತಂಬಾಕ ಅಲ್ರಿ ಸಾಹೇಬ್ರ. ನಾ ಮುಟ್ಟಿಲ್ರಿ."

"ಮುಟ್ಟದ ಗುಳಿಯಾಗ ಹ್ಯಾಂಗ ಹೋತು? ತಾನ ನಡಕೋತ ಹೋತೇನು? ನಾವು ಇಲ್ಲಿ ರಕ್ತ ತಿರುಗ್ಸಿ ಔಷಧ ಮಾಡಿ ಹಾಕಬೇಕು, ನೀವು ಮನಿಗಿ ಹೋಗಿ ಅದರ ಮ್ಯಾಲ ತಂಬಾಕ ತುಂಬಬೇಕು. ಮತ್ತ ಡಾಕ್ಟರದು ತಪ್ಪು ಅಂತೀರಿ."

ಅವಳು ಏನೂ ಅಂದಿರಲಿಲ್ಲ. ಡಾಕ್ಟರ ತಪ್ಪು ಎಂಬ ಮಾತು ಅಲ್ಲಿ ಮೊದಲು ಬಂದದ್ದು ನನ್ನ ಬಾಯಿಂದಲೇ. ಬೆಂಚಿನ ಮೇಲಿದ್ದ ಇಬ್ಬರು ವನದುರ್ಗದವರೇ ಅಂತೆ. ಅವರು ಕತ್ತು ಚಾಚಿ ಚಿಮುಟ ನೋಡಿದರು.

"ಯಪ್ಪಾ, ಮೆಲ್ಲಕ ಮಾತಾಡ್ರಿ" ಅಂದಳು ಅವ್ವ. "ಸೊಸಿ ಹೊಟ್ಟಿಲೆ ಅದಾಳ. ಮೊದಲಿನ ಎರಡೂ ನಿಂದರಲಿಲ್ಲ. ಈ ಸಲ ನಿಂದ್ರಲಿ ಅಂತ ಗದ್ದಿಗಿ ಮುಂದ ಚಂಚಿ ಇಟ್ಟು ಬಂದೀನಿ. ಕೂಸು ಕೈಗಿ ಬರೋತನ ತಂಬಾಕ ಮುಟ್ಟಂಗಿಲ್ಲಂತ ಆಣಿ ಮಾಡೀನಿ."

ಎಲೆ, ಅಡಿಕೆ, ತಂಬಾಕು ತುಂಬಿಕೊಂಡು ಸೊಂಟಕ್ಕೆ ಸಿಕ್ಕಿಸುವ ಚಂಚಿಯನ್ನು ಮೂವತ್ತು ವರ್ಷ ಬಿಡದವಳು ಮಠದ ಗದ್ದುಗೆಯ ಮುಂದೆ ಇಟ್ಟು ಬಂದಿದ್ದಳು. ಅದನ್ನು ಕೇಳಿಯೂ ನಾನು ನಿಲ್ಲಿಸಲಿಲ್ಲ.

"ಆಣಿ ಮಾಡಿ ಮತ್ತ ಹಿಂಗ ಮಾಡಿದ್ರ ಹ್ಯಾಂಗವ್ವ?" ಅಂದೆ.

ಮಗ ತಾಯಿಯ ಕಡೆ ತಿರುಗಿದ. ಅವಳ ಪಕ್ಕದಿಂದ ಒಂದು ಹೆಜ್ಜೆ ಸರಿದು ನಿಂತ. ಬಾಗಿಲಲ್ಲಿದ್ದ ಸಿಸ್ಟರ್ ಒಳಗೆ ಹೋಗಿಬಿಟ್ಟಳು. ನಾನು ಗುಳಿ ತೊಳೆದು, ಲವಂಗದ ಎಣ್ಣೆಯ ಪಟ್ಟಿ ಇಟ್ಟು, ಎರಡು ದಿನಕ್ಕೊಮ್ಮೆ ಬರಲು ಹೇಳಿ ಕಳಿಸಿದೆ. ಅವಳು ಮತ್ತೆ ಬರಲಿಲ್ಲ. ಬಾರದಿದ್ದದ್ದೂ ನನಗೆ ಅವಳ ತಪ್ಪಿಗೆ ಸಾಕ್ಷಿಯಾಗಿ ಕಂಡಿತು.

ಆ ಕಪ್ಪು ಚೂರು ಏನೆಂದು ನನಗೆ ಆಗಲೇ ಗೊತ್ತಿತ್ತು ಎಂದರೆ ಸುಳ್ಳು. ಗೊತ್ತೇ ಇರಲಿಲ್ಲ ಎಂದರೂ ಪೂರ್ತಿ ನಿಜವಲ್ಲ. ಬಟ್ಟಲಲ್ಲಿ ಗಟ್ಟಿಯಾಗದೆ ಹರಿದ ನೀರು ನೆನಪಾಗುತ್ತಿತ್ತು. ನೆನಪಾದಾಗೆಲ್ಲ ಬೇರೆ ಕೆಲಸ ಹಚ್ಚಿಕೊಳ್ಳುತ್ತಿದ್ದೆ.

ಸಿಕ್ಕಿಬಿದ್ದದ್ದು ಸುರಪುರದ ಶಾಲಾ ಮೇಷ್ಟ್ರಿಂದ. ಅವ್ವನ ಆಪರೇಷನ್ ಆದ ವಾರಕ್ಕೆ ಅವರದೂ ಅಂಥದೇ ಹಲ್ಲು ತೆಗೆದಿದ್ದೆ, ಅದೇ ನೇರಳೆ ಕೊಳವೆಯಲ್ಲಿ. ಅವತ್ತೂ ಗಟ್ಟಿಯಾಗಲಿಲ್ಲ, ಅವತ್ತೂ ಸ್ಪಂಜಿಗೆ ಹೀರಿಸಿದೆ. ಐದನೇ ದಿನಕ್ಕೆ ಅವರು ಕೆನ್ನೆ ಹಿಡಿದುಕೊಂಡು ಬಂದರು. ಬಾಯಿ ತೆರೆಸಿದರೆ ಬೋಳು ಎಲುಬು, ತಳದಲ್ಲಿ ಅದೇ ಕಪ್ಪು. ಅವರು ತಂಬಾಕಂತೂ ದೂರ, ಚಹಾ ಕೂಡ ಕುಡಿಯದ ಮನುಷ್ಯ. ಚೂರನ್ನು ತೆಗೆದು ನೀರಿನಲ್ಲಿ ಅದ್ದಿ ಬೆರಳಲ್ಲಿ ಹಿಸುಕಿದೆ. ಮೆತ್ತಗೆ ಬಿಚ್ಚಿಕೊಂಡಿತು. ಹಳೆಯ ರಕ್ತ ಹೀರಿ ಕಪ್ಪಾದ ಸ್ಪಂಜು. ನಾನೇ ತುರುಕಿದ್ದು.

"ಏನ್ರಿ ಡಾಕ್ಟರೇ, ನಾ ಏನರ ತಪ್ಪ ತಿಂದೀನೇನು?" ಅಂದರು ಮೇಷ್ಟ್ರು.

"ಇಲ್ರಿ ಸರ್, ನಿಮ್ಮದೇನೂ ತಪ್ಪಿಲ್ಲ" ಅಂದೆ. ಆ ಮಾತು ಅಷ್ಟು ಸಲೀಸಾಗಿ ಬಂತು. ಮೇಷ್ಟ್ರಿಗೆ ಒಂದು ಕ್ಷಣದಲ್ಲಿ ಸಿಕ್ಕಿದ್ದು ಆ ಅವ್ವನಿಗೆ ಬೇಡಿದರೂ ಸಿಕ್ಕಿರಲಿಲ್ಲ.

ಮರುದಿನ ನೀಲಿ ಕೊಳವೆಗಳ ಡಬ್ಬಿ ಬಂತು. ಸಿಸ್ಟರ್‌ಗೆ ನನ್ನ ತೋಳಿನಿಂದಲೇ ರಕ್ತ ತೆಗೆಯಲು ಹೇಳಿದೆ. ಒಂದು ನೀಲಿ, ಒಂದು ನೇರಳೆ. ಎರಡನ್ನೂ ಒಂದೇ ಸಲ ಯಂತ್ರಕ್ಕಿಟ್ಟು, ಎರಡೂ ಸುತ್ತು ತಿರುಗಿಸಿ, ಎರಡು ಬಟ್ಟಲಿಗೆ ಸುರಿದು ಅಷ್ಟಷ್ಟೇ ಕ್ಯಾಲ್ಸಿಯಂ ಬಿಟ್ಟೆ. ನೀಲಿಯದು ನಾವು ನೋಡುತ್ತಿದ್ದಂತೆ ಗಟ್ಟಿಯಾಯಿತು. ಚಿಮುಟದಲ್ಲಿ ಎತ್ತಿದರೆ ಇಡಿಯಾಗಿ ಎದ್ದು ಬಂತು. ನೇರಳೆಯದು ಮಧ್ಯಾಹ್ನದ ಊಟ ಮುಗಿಸಿ ಬಂದರೂ ನೀರಾಗಿಯೇ ಇತ್ತು.

ಸಿಸ್ಟರ್ ಬಟ್ಟಲು ತೊಳೆಯುತ್ತ, ನನ್ನ ಕಡೆ ತಿರುಗದೆ ಅಂದಳು: "ಆ ಅವ್ವನ ಮುಂದ ನಾನರ ಅವತ್ತು ಹೇಳ್ಬೇಕಿತ್ತು ಸರ್. ನೌಕರಿ ಹೋಗ್ತದಂತ ಅಂಜಿ ಸುಮ್ಮನಿದ್ದೆ."

ಒಬ್ಬಳು ಖರೆ ಮಾತಾಡಲು ಅಂಜುವಂಥ ಜಾಗವನ್ನು ನಾನು ಕಟ್ಟಿಕೊಂಡಿದ್ದೆ. ಅವತ್ತು ಮನೆಗೆ ಹೋಗುವಾಗ ಬೋರ್ಡಿನ ಕಡೆ ನೋಡಲಿಲ್ಲ.

ಅವ್ವನ ಮಗನಿಗೆ ಫೋನ್ ಮಾಡಿದೆ. ತಪ್ಪು ನನ್ನದು, ಅದು ತಂಬಾಕಲ್ಲ ಅಂದೆ.

"ನಮ್ಮವ್ವ ನಿಮ್ಮ ಕಡಿ ಬಂದು ಅತ್ತಾಳೇನ್ರಿ?" ಅಂದ. "ಆಕಿಗಿ ಪಾಪ ಅಂತ ಹಿಂಗ ಹೇಳಾಕತ್ತೀರಿ. ನೀವು ಚಿಮುಟದಾಗ ಹಿಡದು ತೋರ್ಸಿದ್ದು ನಾ ಕಣ್ಣಾರೆ ನೋಡೀನ್ರಿ."

ನಡೆದದ್ದನ್ನು ಅವನೇ ಹೇಳಿದ. ಸಂತೆಯಿಂದ ಮಾತು ಊರಿಗೆ ಹೋಗಿತ್ತು, ಊರಿಂದ ಗುರುಮಠಕಲ್‌ಗೆ, ಸೊಸೆಯ ತವರಿಗೆ. ಸೊಸೆಯ ತಾಯಿ ಬಂದು ಸೀಮಂತದ ಕುಬಸ ಮುಗಿಸಿ ಮಗಳನ್ನು ಕರೆದುಕೊಂಡು ಹೋಗಿದ್ದಳು. ಆಣೆ ಮುರಿದವಳ ಕಣ್ಣು ಕೂಸಿನ ಮೇಲೆ ಬೀಳಬಾರದು, ಹೆರಿಗೆಗೂ ಬೇಡ, ತೊಟ್ಟಿಲಿಗೂ ಬೇಡ ಎಂದು ಹೇಳಿ ಹೋಗಿದ್ದಳು. ಮಗನೂ ಹೂಂ ಅಂದಿದ್ದ. ನಾಳೆ ಆ ಬಸಿರಿಗೆ ಏನೇ ಆದರೂ ಅದು ಅವ್ವನ ತಲೆಗೇ. ನಾಲ್ಕು ಮಾತಿನಲ್ಲಿ ನಾನು ಅಷ್ಟು ಮಾಡಿಟ್ಟಿದ್ದೆ.

ಆ ಭಾನುವಾರ ವನದುರ್ಗಕ್ಕೆ ಹೋದೆ. ಅವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕೂರಲು ಹೇಳಿದಳು, ನೀರು ತಂದುಕೊಟ್ಟಳು. ನಾನು ಕೊಳವೆಯ ಕಥೆ ಎಲ್ಲ ಹೇಳಿ, ನೀವು ತಂಬಾಕು ಮುಟ್ಟಿಲ್ಲ, ನನ್ನದೇ ತಪ್ಪು ಅಂದೆ. ಅವಳು ಮೊರ ಕೇರುವುದನ್ನು ನಿಲ್ಲಿಸಲಿಲ್ಲ.

"ಇದು ನನಗ ಯಾಕ ಹೇಳ್ತೀರಿ ಸಾಹೇಬ್ರ?" ಅಂದಳು. "ನಾ ಮುಟ್ಟಿಲ್ಲಂತ ನನಗ ಗೊತ್ತದ."

ನಾನು ನೀರಿನ ತಂಬಿಗೆ ಕೆಳಗಿಟ್ಟೆ.

"ಮಂದಿ ಮುಂದ ಅಂದೀರಿ. ಮಂದಿ ಮುಂದ ಹೇಳ್ರಿ. ಬರೋ ಸಂತಿಗಿ ಬೀಗತಿಗಿ ಕರಕೊಂಡು ಬಾ ಅಂತ ಮಗಗ ಹೇಳ್ತೀನಿ. ಆಕಿ ಕೇಳ್ಬೇಕು. ನೀವು ಅಂದ ಜಾಗಾದಾಗೇ ಹೇಳ್ರಿ."

ನೋವು ಹೇಗಿದೆ, ಬಾಯಿ ನೋಡಲೇ ಎಂದು ಕೇಳಿದೆ. ಯಾದಗಿರಿಯಲ್ಲಿ ಬೇರೆ ಡಾಕ್ಟರಿಗೆ ತೋರಿಸಿದ್ದಾಗಿ, ಈಗ ಕಡಿಮೆಯಿದೆ ಎಂದಷ್ಟೇ ಹೇಳಿದಳು.

ಸಂತೆಗೆ ಐದು ದಿನವಿತ್ತು. ನನ್ನ ಜೊತೆ ಓದಿದ ಡಾಕ್ಟರೊಬ್ಬನಿಗೆ ಫೋನಿನಲ್ಲಿ ಹೇಳಿದರೆ, "ತಲಿ ಕೆಟ್ಟದೇನು ನಿನಗ? ಹಂಗ ಮಂದಿ ಮುಂದ ಯಾರರ ಹೇಳ್ತಾರೇನು? ಮಷಿನ್ ಕೆಟ್ಟಿತ್ತಂತ ಹೇಳಿ ಮುಗ್ಸು" ಅಂದ. ಅದು ನನಗೆ ಹಿಡಿಸಿತು. ಯಂತ್ರ ಕೆಟ್ಟಿತ್ತು, ಔಷಧ ಸರಿಯಾಗಿ ತಯಾರಾಗಲಿಲ್ಲ, ಅವ್ವನ ತಪ್ಪಿಲ್ಲ. ಅವ್ವನ ಮಾನವೂ ಉಳಿಯುತ್ತದೆ, ನನ್ನದೂ. ಆ ಮೂರು ವಾಕ್ಯವನ್ನು ಐದು ದಿನ ಬಾಯಿಪಾಠ ಮಾಡಿದೆ.

ಸಂತೆಯ ದಿನ ಅವರು ಹನ್ನೊಂದರ ಹೊತ್ತಿಗೆ ಬಂದರು. ಅವ್ವ, ಮಗ, ಹಿಂದೆ ಸೆರಗು ಬಿಗಿಯಾಗಿ ಹೊದ್ದ ಬೀಗತಿ, ಸೊಸೆಯ ತಾಯಿ. ಬೆಂಚು ತುಂಬಿತ್ತು. ಅವ್ವ ಅವತ್ತು ಕೂತಿದ್ದ ತುದಿಯಲ್ಲೇ ಹೋಗಿ ನಿಂತಳು. ಕುರ್ಚಿಯಲ್ಲಿದ್ದವರನ್ನು ಬಿಟ್ಟು ಕೈಗವಸು ತೆಗೆದು ಹೊರಗೆ ಬಂದೆ. ಮಾತು ಶುರುಮಾಡಿದಾಗ ದನಿ ಎಷ್ಟು ಸಣ್ಣದಾಗಿತ್ತೆಂದರೆ ಬಾಗಿಲ ಬಳಿಯಿದ್ದ ಒಬ್ಬ, "ಜೋರ ಹೇಳ್ರಿ, ಕೇಳ್ಸವಲ್ದು" ಅಂದ. ಬಯ್ಯುವಾಗ ಯಾರೂ ಹಾಗೆ ಹೇಳಬೇಕಾಗಿರಲಿಲ್ಲ.

"ಈ ಅವ್ವ ತಂಬಾಕ ತಿಂದಾಳಂತ ನಾ ಇಲ್ಲೇ ನಿಂತು ಅಂದಿದ್ದೆ. ಆಕಿ ತಿಂದಿರಲಿಲ್ಲ. ನಾ ತೋರ್ಸಿದ ಕರಿ ಚೂರು ನಾನ ಇಟ್ಟ ಸ್ಪಂಜು. ಔಷಧ ಸರಿ ತಯಾರಾಗಿರಲಿಲ್ಲ. ಅದಕ್ಕ ಗಾಯ ಮಾಯಲಿಲ್ಲ."

ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಮಗ ನೆಲ ನೋಡುತ್ತಿದ್ದ. ಬೀಗತಿ ಮುಂದೆ ಬಂದು, ಸಂತೆಯಲ್ಲಿ ಕಾಳು ಹಿಡಿದು ನೋಡುವವರ ಹಾಗೆ ನನ್ನನ್ನು ನೋಡಿದಳು.

"ಯಾಕ ಸರಿ ತಯಾರಾಗಲಿಲ್ರಿ?"

ಯಂತ್ರ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಒಳಬಾಗಿಲಲ್ಲಿ ಸಿಸ್ಟರ್ ನಿಂತಿದ್ದಳು. ಈ ಸಲ ಅವಳು ಒಳಗೆ ಹೋಗಲಿಲ್ಲ.

"ರಕ್ತ ಹಿಡಿಯೋ ಕೊಳವಿ ಬ್ಯಾರೇದು ಬೇಕಿತ್ತು. ಅದು ಇರಲಿಲ್ಲ. ಇದ್ದದ್ದರಾಗ ಮಾಡಿದೆ."

"ಅದು ನಡಿಯಂಗಿಲ್ಲಂತ ನಿಮಗ ಅವತ್ತ ಗೊತ್ತಿತ್ತೇನು?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಲ್ಲಿ ಯಾರಿಗೂ ನೇರಳೆ ನೀಲಿಯ ಲೆಕ್ಕ ಗೊತ್ತಿರಲಿಲ್ಲ. ಆದರೆ ಬೀಗತಿಗೆ ಬೇಕಾದದ್ದು ಕೊಳವೆಯ ಸುದ್ದಿಯಲ್ಲ, ನಾನು ಈಗಲಾದರೂ ಪೂರ್ತಿ ಖರೆ ಹೇಳುತ್ತೇನೋ ಇಲ್ಲವೋ ಎಂಬುದು. ನಾನು ಒಂದು ಕಡೆ ನುಣುಚಿಕೊಂಡರೆ ಮಿಕ್ಕಿದ್ದನ್ನೂ ಅವಳು ನಂಬಬೇಕಾಗಿಲ್ಲ. ಆಗ ಅವ್ವ ಬಂದ ಹಾಗೇ ವಾಪಸು ಹೋಗಬೇಕಾಗುತ್ತಿತ್ತು.

"ಬ್ಯಾರೇ ಕೊಳವಿ ಅಂತ ಗೊತ್ತಿತ್ತು" ಅಂದೆ. "ಸಿಸ್ಟರ್ ಹೇಳಿದ್ಳು. ನಾ ಕೇಳಲಿಲ್ಲ. ಔಷಧ ಗಟ್ಟಿ ಆಗದಿದ್ದದ್ದೂ ನೋಡೀನಿ. ನೋಡೇ ಹಾಕೀನಿ. ಆಮ್ಯಾಲ ತಪ್ಪು ಆಕಿ ಮ್ಯಾಲ ಹಾಕಿದೆ. ಅವ್ವ, ನನಗ ಮಾಫ್ ಮಾಡ್ರಿ."

ಬೀಗತಿ ತಿರುಗಿ ಅವ್ವನ ಕೈ ಹಿಡಿದಳು. "ನಡೀರಿ ಅಕ್ಕ" ಅಂದಳು, "ಹುಡುಗಿ ದಿನಾ ಅತ್ತಿ ಅತ್ತಿ ಅಂತಾಳ. ಇವತ್ತ ನಮ್ಮ ಊರಿಗಿ ಹೋಗೋಣು." ಮಗ ತಾಯಿಯ ಕೈಚೀಲ ತೆಗೆದುಕೊಂಡ. ಅವನ ಕಣ್ಣು ತುಂಬಿತ್ತು.

ಹೊರಡುವ ಮೊದಲು, "ಅವ್ವ, ಒಂದ ಸಲ ಕೂಡ್ರಿ, ಗಾಯ ಪೂರಾ ಮಾಯ್ದದೋ ಇಲ್ಲೋ ನೋಡ್ತೀನಿ" ಅಂದೆ. ಕ್ಷಮೆ ಸಿಕ್ಕಿತು, ಇನ್ನು ಎಲ್ಲ ಮೊದಲಿನಂತೆ ಎಂದು ಆ ಗಳಿಗೆಯಲ್ಲೂ ಒಳಗೊಳಗೆ ಆಸೆಪಟ್ಟಿದ್ದೆ.

ಅವ್ವ ಸಿಟ್ಟಿಲ್ಲದ ಮುಖದಿಂದಲೇ ನನ್ನನ್ನು ನೋಡಿದಳು.

"ಮಾಫ್ ಮಾಡೀನ್ರಿ ಸಾಹೇಬ್ರ. ಎಲ್ಲಾರ ಮುಂದ ಹೇಳೀರಿ, ದೊಡ್ಡ ಮಾತು. ಆದ್ರ ನಿಮ್ಮ ಮುಂದ ಇನ್ನ ಬಾಯಿ ತೆರಿಯಾಕ ನನಗ ಆಗಂಗಿಲ್ಲ."

ಮೂವರೂ ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆ ಹೋದರು. ಬೆಂಚಿನಿಂದ ಇಬ್ಬರು ಎದ್ದು, ತಮ್ಮ ಪಾಳಿಯ ಚೀಟಿಯನ್ನು ಅಲ್ಲೇ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಇಳಿದರು. ನಾನು ತಡೆಯಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಎದ್ದು ಹೋಗುತ್ತಿದ್ದೆ.